ಬಂಡಿ ನೇರ ಹೋಗಲಿಲ್ಲ: ಬೀಗರ ಬೇರು ಹುಡುಕುತ್ತಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮೊಮ್ಮಗಳ ವಂಶವೃಕ್ಷದಲ್ಲಿ ನಮ್ಮ ಕಡೆಯ ಕೊಂಬೆಗಳು ತುಂಬಿದವು, ಅಮೆರಿಕದ ಬೀಗರ ಕಡೆಯದು ಮಾತ್ರ ಮುತ್ತಜ್ಜನ ಹತ್ತಿರ ಬಂದು ನಿಂತುಬಿಟ್ಟಿದೆ ಎಂದು ಬರೆದಿದ್ದೀಯ. ಅವರ ಮನೆಯಲ್ಲಿ ಉಳಿದಿರುವುದು ಒಂದೇ ಮಾತು: ‘ನಮ್ಮವರು ಬಂಡಿ ಕಟ್ಟಿಕೊಂಡು ನೇರ ಪಶ್ಚಿಮಕ್ಕೆ ಬಂದರು.’ ಮೊದಲು ಆ ‘ನೇರ’ ಅನ್ನುವ ಪದ ಹೊಡೆದುಹಾಕು. ಹುಡುಕಾಟ ದಾರಿ ತಪ್ಪುವುದು ಮುಕ್ಕಾಲು ಪಾಲು ಅಲ್ಲೇ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನ ಜೊತೆ ಬಂದು ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಒಪ್ಪಿಸುವ ಹೆಲವರಂಥವರು ಅಮೆರಿಕದಲ್ಲಿಲ್ಲ. ಅಲ್ಲಿ ಹೆಲವನ ಕೆಲಸವನ್ನು ಜನಗಣತಿಯ ಹಾಳೆ, ಜಮೀನಿನ ಕಾಗದ ಮಾಡುತ್ತವೆ. ಕಾಗದ ತೋರಿಸುವ ದಾರಿಗೆ ತಿರುವು ಜಾಸ್ತಿ.

ಹಿಂದಕ್ಕೆ ನಡೆ, ಮುಂದಕ್ಕಲ್ಲ. ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಬಿಡುತ್ತಾರೆ. 1950ರದು 2022ರ ಏಪ್ರಿಲ್ 1ಕ್ಕೆ ಹೊರಬಂತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು 1900ಕ್ಕೆ ಬಾ. 1900ರ ಹಾಳೆ ಚಿನ್ನ: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಅದರಲ್ಲಿ ಬದುಕಿರುವವರೆಷ್ಟು, ಎಲ್ಲಕ್ಕೂ ಕಾಲಂ ಇದೆ. ಅದರ ಕೆಳಗಿನ ಮೆಟ್ಟಿಲೇ ಮುರಿದಿದೆ. 1890ರ ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿಗೂ ನೀರಿಗೂ ಸಿಕ್ಕಿ ಹೆಚ್ಚುಕಡಿಮೆ ಪೂರ್ತಿ ಹೋದವು. ಹಾಗಾಗಿ 1900ರಿಂದ 1880ಕ್ಕೆ ಒಂದೇ ನೆಗೆತ. ಎಷ್ಟೋ ಜನ ಊರು ಬದಲಿಸಿದ್ದೂ ಇದೇ ಇಪ್ಪತ್ತು ವರ್ಷಗಳಲ್ಲಿ, ಏನು ಮಾಡುವುದು.

ಈ ಕಂದಕ ದಾಟಲು ರಾಜ್ಯಗಳು ತಾವೇ ಮಾಡಿಕೊಂಡ ಗಣತಿಗಳಿವೆ. ಕಾನ್ಸಾಸ್ 1875, 1885, 1895ರಲ್ಲಿ ‘ಕಾನ್ಸಾಸ್‌ಗೆ ಬಂದದ್ದು ಎಲ್ಲಿಂದ’ ಎಂದೇ ಕೇಳಿದೆ. ಎಲ್ಲಿ ಹುಟ್ಟಿದೆ ಎಂದಲ್ಲ, ಇದಕ್ಕೆ ಮೊದಲು ಎಲ್ಲಿದ್ದೆ ಎಂದು. ಇವೆರಡರ ವ್ಯತ್ಯಾಸದಲ್ಲೇ ನಿನ್ನ ತಿರುವು ಸಿಗುತ್ತದೆ. ಮಿನ್ನೆಸೋಟ 1865ರಿಂದ 1905ರವರೆಗೆ ಹತ್ತು ವರ್ಷಕ್ಕೊಮ್ಮೆ ಎಣಿಸಿತು. 1885ರಲ್ಲಿ ನೆಬ್ರಾಸ್ಕ, ಕೊಲರಾಡೊ ರಾಜ್ಯಗಳಲ್ಲೂ, ಇನ್ನೂ ರಾಜ್ಯವಾಗಿರದ ದಕೋಟ ಟೆರಿಟರಿಯಲ್ಲೂ ಎಣಿಕೆ ನಡೆಯಿತು. ಅಯೋವಾದ 1925ರ ಹಾಳೆಯಲ್ಲಿ ತಂದೆತಾಯಿಯ ಹೆಸರು, ತಾಯಿಯ ತವರಿನ ಹೆಸರು ಸಮೇತ ಇದೆ. ನಿಮ್ಮ ಬೀಗರ ಪೈಕಿ ಯಾರಾದರೂ ಅಲ್ಲಿ ಉಳಿದಿದ್ದರೆ ಮೊದಲು ಅದನ್ನು ತೆಗೆ.

1880ಕ್ಕಿಂತ ಕೆಳಗಿಳಿದ ಮೇಲೆ ಹುಷಾರು. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂಬ ಕಾಲಂ ಶುರುವಾದದ್ದೇ 1880ರಲ್ಲಿ. 1850, 60, 70ರ ಹಾಳೆಗಳಲ್ಲಿ ಒಂದೇ ಸೂರಿನಡಿ ಇರುವ ಹೆಂಗಸು ಹೆಂಡತಿಯೋ ತಂಗಿಯೋ, ಹುಡುಗ ಮಗನೋ ತಂಗಿಯ ಮಗನೋ, ಹಾಳೆ ಹೇಳುವುದಿಲ್ಲ. 1850ಕ್ಕೂ ಹಿಂದೆ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸು, ಗಂಡು, ಹೆಣ್ಣು ಎಂಬ ಕಾಲಂಗಳಲ್ಲಿ ಬರೀ ಸಂಖ್ಯೆ.

ವಲಸೆಯ ದಾರಿ ಹಿಡಿಯಲು ಮಕ್ಕಳು ಹುಟ್ಟಿದ ಊರುಗಳಿಗಿಂತ ಒಳ್ಳೆಯ ಮೈಲಿಗಲ್ಲು ಇಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಮನೆತನ ತೆಗೆದುಕೊಂಡು ತೋರಿಸುತ್ತೇನೆ: ಚಾರ್ಲ್ಸ್ ಇಂಗಲ್ಸ್ ಮತ್ತು ಕ್ಯಾರೊಲಿನ್ ಕ್ವೈನರ್ ಅವರದು. ಇವರ ಎರಡನೇ ಮಗಳು ಲಾರಾ ಮುಂದೆ ಲೇಖಕಿಯಾಗಿ ಹೆಸರಾದ್ದರಿಂದ ಸಂಶೋಧಕರು ಇವರ ಒಂದು ಕಾಗದವನ್ನೂ ಬಿಟ್ಟಿಲ್ಲ. ಚಾರ್ಲ್ಸ್ ಹುಟ್ಟಿದ್ದು 1836ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಮದುವೆ 1860ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. ಮಕ್ಕಳಲ್ಲಿ ಮೇರಿ 1865 ಮತ್ತು ಲಾರಾ 1867, ಇಬ್ಬರೂ ವಿಸ್ಕಾನ್ಸಿನ್‌ನ ಪೆಪಿನ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಕ್ಯಾರಿ 1870ರ ಆಗಸ್ಟ್ 3, ಕಾನ್ಸಾಸ್. ಫ್ರೆಡ್ಡಿ 1875ರ ನವೆಂಬರ್ 1, ಮಿನ್ನೆಸೋಟ. ಗ್ರೇಸ್ 1877ರ ಮೇ 23, ಅಯೋವಾದ ಬರ್ ಓಕ್. 1880ರ ಹೊತ್ತಿಗೆ ಇಡೀ ಕುಟುಂಬ ದಕೋಟ ಟೆರಿಟರಿಯ ಡಿ ಸ್ಮೆಟ್‌ನಲ್ಲಿ.

ಈಗ ನಕ್ಷೆ ಮುಂದಿಟ್ಟುಕೊಂಡು ಬೆರಳಾಡಿಸು. ವಿಸ್ಕಾನ್ಸಿನ್‌ನಿಂದ ಕೆಳಗೆ ಕಾನ್ಸಾಸ್, ತಿರುಗಿ ಮೇಲೆ, ಆಮೇಲೆ ಪೂರ್ವಕ್ಕೆ ಅಯೋವಾ, ಕೊನೆಗೆ ಪಶ್ಚಿಮ. ಎರಡು ಸಲ ಹಿಂದೆ ಬಂದಿದ್ದಾರೆ. ಕಾನ್ಸಾಸ್‌ನಿಂದ ಮರಳಿದ್ದಕ್ಕೆ ಒಂದು ಕಾರಣ ಪೆಪಿನ್‌ನ ಜಮೀನು ಕೊಂಡವನು ಹಣ ಪೂರ್ತಿ ಕಟ್ಟದೇ ಹೋದದ್ದು. ಮಿನ್ನೆಸೋಟ ಬಿಟ್ಟದ್ದಕ್ಕೆ ಕಾರಣ ಮಿಡತೆ. 1873ರಿಂದ 77ರವರೆಗೆ ಮಿಡತೆ ಹಿಂಡು ಅಲ್ಲಿನ ಬೆಳೆ ಬೋಳಿಸಿತ್ತು. 1870ರ ಮತ್ತು 1880ರ ಹಾಳೆ ಎರಡನ್ನೇ ಹಿಡಿದು ಕೂತವನು ‘ಕಾನ್ಸಾಸ್‌ನಿಂದ ದಕೋಟಕ್ಕೆ ಹೋದರು’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ನಡುವಿನ ಮೂರು ಊರು ಮಾಯ.

ಫ್ರೆಡ್ಡಿಯೂ ಮಾಯ. ಆತ ಹುಟ್ಟಿದ್ದು 1875ರ ನವೆಂಬರ್‌ನಲ್ಲಿ, ತೀರಿಕೊಂಡದ್ದು 1876ರ ಆಗಸ್ಟ್‌ನಲ್ಲಿ, ಒಂಬತ್ತು ತಿಂಗಳ ಕೂಸು. 1870ಕ್ಕೆ ಹುಟ್ಟಿರಲಿಲ್ಲ, 1880ಕ್ಕೆ ಇರಲಿಲ್ಲ. ಮಿನ್ನೆಸೋಟದ 1875ರ ಗಣತಿ ಮುಗಿದ ಮೇಲೆ ಹುಟ್ಟಿದವನು. ಗಣತಿಯ ಯಾವ ಹಾಳೆಯಲ್ಲೂ ಆ ಹೆಸರು ಬರಲು ದಾರಿಯೇ ಇಲ್ಲ. ಇಂಥ ಮಕ್ಕಳ ಸುಳಿವು ಕೊಡುವುದು 1900ರ ಆ ‘ಹೆತ್ತದ್ದೆಷ್ಟು, ಉಳಿದದ್ದೆಷ್ಟು’ ಕಾಲಂ, ಮನೆಯ ಬೈಬಲ್ಲಿನ ಹುಟ್ಟು–ಸಾವಿನ ಪುಟ. ಮಕ್ಕಳ ನಡುವೆ ಮೂರು–ನಾಲ್ಕು ವರ್ಷದ ಅಂತರ ಕಂಡರೆ ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿಡು.

ಲಾರಾಳಿಂದ ಕ್ಯಾರಿಯವರೆಗೂ ಮೂರೂವರೆ ವರ್ಷದ ಅಂತರವಿದೆ. ಆ ನಡುವೆ ಎಲ್ಲಿದ್ದರು? ಉತ್ತರ ಸಿಕ್ಕಿದ್ದು ಮಿಸೌರಿಯ ಚಾರಿಟನ್ ಕೌಂಟಿಯ ಜಮೀನು ಕಾಗದಗಳಲ್ಲಿ. 1868ರಲ್ಲಿ ಚಾರ್ಲ್ಸ್ ಮತ್ತು ಭಾವ ಹೆನ್ರಿ ಕ್ವೈನರ್ ಅಲ್ಲಿ ಜಮೀನು ಕೊಂಡಿದ್ದರು. 1869ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಅದೇ ಕೌಂಟಿಯಲ್ಲಿ ಒಂದು ಮುಖ್ತಿಯಾರು ಪತ್ರಕ್ಕೆ ಸಹಿ ಹಾಕಿದ್ದಾರೆ. ಜಮೀನು ಕೊಳ್ಳಲು ಆಸಾಮಿ ಅಲ್ಲೇ ಇರಬೇಕೆಂದಿಲ್ಲ, ದೂರದಿಂದಲೂ ಕೊಳ್ಳಬಹುದು. ಸಹಿ ಹಾಗಲ್ಲ. ಯಾವ ದಿನ, ಯಾವ ಕೌಂಟಿಯ ಅಧಿಕಾರಿಯ ಎದುರು ಹಾಕಿದ್ದು ಎನ್ನುವುದು ಕಾಗದದ ಅಡಿಯಲ್ಲಿರುತ್ತದೆ. ಜನ ಮೇಲಿನ ಒಕ್ಕಣೆ ಓದಿ ಹಾಳೆ ಮಗುಚಿಬಿಡುತ್ತಾರೆ. ನೀನು ಅಡಿಯಿಂದ ಓದು.

ಭಾವ ಅಂದೆನಲ್ಲ, ಅದು ಮುಖ್ಯ. ಇಂಗಲ್ಸ್ ಮತ್ತು ಕ್ವೈನರ್ ಮನೆಗಳ ನಡುವೆ ಮೂರು ಮದುವೆ ಆಗಿದ್ದವು: ಚಾರ್ಲ್ಸ್–ಕ್ಯಾರೊಲಿನ್, ಪೀಟರ್–ಎಲೈಜಾ, ಹೆನ್ರಿ–ಪಾಲಿ. ಕೊಟ್ಟು ತಂದ ಸಂಬಂಧ, ನಮ್ಮಲ್ಲಿಯ ಹಾಗೆಯೇ. ಒಂಟಿ ಬಂಡಿ ಪಶ್ಚಿಮಕ್ಕೆ ಹೊರಟದ್ದು ಕಡಿಮೆ. ನಿಮ್ಮ ಬೀಗರ ಮುತ್ತಜ್ಜ ಕಾಣೆಯಾದ ಕಡೆ ಅವರ ಭಾವನನ್ನು, ಮದುವೆಗೆ ಸಾಕ್ಷಿ ಹಾಕಿದವರನ್ನು, ಗಣತಿ ಹಾಳೆಯ ಹಿಂದಿನ ಮುಂದಿನ ಹತ್ತು ಮನೆಗಳನ್ನು ಹುಡುಕು. ಹೆಂಡತಿಯ ತವರಿನ ಹೆಸರು ಗೊತ್ತಿಲ್ಲದೆ ಈ ಕೆಲಸಕ್ಕೆ ಇಳಿಯುವುದು ಒಂದೇ ಕಾಲಿನಲ್ಲಿ ನಡೆದಂತೆ.

ಅಕ್ಕಪಕ್ಕದವರಿಂದಲೇ ಒಂದು ಮನೆಯ ಜಾಗ ಪತ್ತೆಯಾದದ್ದೂ ಉಂಟು. ಕಾನ್ಸಾಸ್‌ನಲ್ಲಿ ಇಂಗಲ್ಸ್ ಕುಟುಂಬ ಇದ್ದದ್ದು ಓಸೇಜ್ ಬುಡಕಟ್ಟಿನವರ ನೆಲದಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ ಬಗರ್‌ಹುಕುಂ. ನೆಲ ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ, ಆದ್ದರಿಂದ ಹಕ್ಕುಪತ್ರವಿಲ್ಲ, ಅರ್ಜಿಯಿಲ್ಲ, ಕ್ರಯಪತ್ರವಿಲ್ಲ. 1870ರ ಗಣತಿದಾರನೇ ಈ ನೆಲ ಓಸೇಜರದು, ನೆಲೆಸಿದವರಿಗೆ ಹಕ್ಕಿಲ್ಲ ಎಂದು ಷರಾ ಬರೆದಿದ್ದಾನೆ. ಮನೆಯವರ ನೆನಪು ‘ಇಂಡಿಪೆಂಡೆನ್ಸ್ ಪಟ್ಟಣದಿಂದ ನಲವತ್ತು ಮೈಲಿ’ ಅನ್ನುತ್ತಿತ್ತು. ಅಷ್ಟು ದಕ್ಷಿಣಕ್ಕೆ ಹೋದರೆ ಓಕ್ಲಹೋಮದಲ್ಲಿರುತ್ತೀಯ. ಸ್ಥಳೀಯ ಸಂಶೋಧಕರು ನೆನಪನ್ನು ಬದಿಗಿಟ್ಟು, ಗಣತಿದಾರ ಮನೆಯಿಂದ ಮನೆಗೆ ನಡೆದ ಕ್ರಮ ಹಿಡಿದರು. ಅದೇ ಹಾಳೆಯ ನೆರೆಯವರು ಮುಂದೆ ಸರ್ಕಾರದಿಂದ ಕೊಂಡ ತುಂಡುಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾ ಬಂದರು. ನಡುವೆ ಇಂಗಲ್ಸರಿಗೆ ಹೊಂದುವ ಜಾಗ ಉಳಿದದ್ದು ಟೌನ್‌ಶಿಪ್ 33 ದಕ್ಷಿಣ, ರೇಂಜ್ 14 ಪೂರ್ವದ ಸೆಕ್ಷನ್ 36ರಲ್ಲಿ, ಪಟ್ಟಣದಿಂದ ಸುಮಾರು 13 ಮೈಲಿಗೆ. ಕ್ಯಾರಿಯ ಹೆರಿಗೆಗೆ ಬಂದಿದ್ದರೆನ್ನುವ ಕಪ್ಪು ಜನಾಂಗದ ವೈದ್ಯ ಜಾರ್ಜ್ ಟ್ಯಾನ್ ಕೂಡ ಆ ನೆರೆಯವರಲ್ಲಿ ಒಬ್ಬರು.

ಈ ಅಂಕಿಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಇರುತ್ತದಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು. ಅಮೆರಿಕದ ಹಳೆಯ ಪೂರ್ವ ರಾಜ್ಯಗಳಲ್ಲೂ ಹೀಗೇ, ಮರ ಕಲ್ಲು ತೊರೆ ಹಿಡಿದು ಗಡಿ ಹೇಳುತ್ತಿದ್ದರು. 1785ರ ಕಾಯ್ದೆಯ ನಂತರ ಅಳೆದ ಕೇಂದ್ರ ಸರ್ಕಾರದ ನೆಲವೆಲ್ಲ ಚೌಕ. ಒಂದು ಟೌನ್‌ಶಿಪ್ ಅಂದರೆ 6 ಮೈಲಿ ಉದ್ದ, 6 ಮೈಲಿ ಅಗಲ. ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. ಟೌನ್‌ಶಿಪ್ ಅಂಕಿ ಉತ್ತರ–ದಕ್ಷಿಣದ ಎಣಿಕೆ, ರೇಂಜ್ ಅಂಕಿ ಪೂರ್ವ–ಪಶ್ಚಿಮದ್ದು. ಕಾಲು ಸೆಕ್ಷನ್ 160 ಎಕರೆ, ವಾಸ ಮಾಡಿ ಉತ್ತವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು ಅಂದರೆ ಹೋಮ್‌ಸ್ಟೆಡ್‌ನ ಅಳತೆ ಇದೇ. ಸೆಕ್ಷನ್ 1 ಈಶಾನ್ಯ ಮೂಲೆಯಲ್ಲಿ. ಅಲ್ಲಿಂದ ಎಡಕ್ಕೆ 6ರವರೆಗೆ, 6ರ ಕೆಳಗೆ 7, ಮತ್ತೆ ಬಲಕ್ಕೆ, ಹೊಲ ಉತ್ತ ಹಾಗೆ. ಚಾರ್ಲ್ಸ್‌ರ ದಕೋಟ ಜಮೀನು ಸೆಕ್ಷನ್ 3ರ ಈಶಾನ್ಯ ಕಾಲು, ಟೌನ್‌ಶಿಪ್ 110 ಉತ್ತರ, ರೇಂಜ್ 56 ಪಶ್ಚಿಮ. ಎಂದರೆ ಮೇಲಿನ ಸಾಲು, ಪೂರ್ವದಿಂದ ಮೂರನೆಯದು. ಭೂಮಿ ಗುಂಡಗಿರುವುದರಿಂದಲೂ ಸರಪಳಿ ಅಳತೆಯ ತಪ್ಪಿನಿಂದಲೂ ಬರುವ ಹೆಚ್ಚುಕಡಿಮೆಯನ್ನೆಲ್ಲ ಉತ್ತರದ ಸಾಲಿಗೂ ಪಶ್ಚಿಮದ ಸಾಲಿಗೂ ತಳ್ಳುತ್ತಿದ್ದರು. ಆ ಸಾಲುಗಳಲ್ಲಿ 160ರ ಬದಲು ಬೇರೆ ಎಕರೆ ಕಂಡರೆ ಗಾಬರಿ ಬೀಳಬೇಡ.

ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಬಿದ್ದದ್ದು 1862ರ ಮೇ 20ರಂದು, ಜಾರಿಯಾದದ್ದು 1863ರ ಜನವರಿ 1ಕ್ಕೆ. ಐದು ವರ್ಷ ವಾಸ, ಉಳುಮೆ, ಇಬ್ಬರು ಸಾಕ್ಷಿ. ಆಮೇಲೆ ಹಕ್ಕುಪತ್ರ, ಅದನ್ನು ಪೇಟೆಂಟ್ ಅನ್ನುತ್ತಾರೆ. ಐದು ವರ್ಷ ಕಾಯಲಾಗದವರು ಆರು ತಿಂಗಳ ವಾಸದ ನಂತರ ಎಕರೆಗೆ 1.25 ಡಾಲರ್ ಕಟ್ಟಿ ಕೊಂಡುಬಿಡಬಹುದಿತ್ತು. ಸರ್ಕಾರಿ ಜಮೀನು ವಿಲೇವಾರಿ ಮಾಡುತ್ತಿದ್ದ ಕೇಂದ್ರದ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ತಾಣದಲ್ಲಿ ಹೆಸರು ಹಾಕಿದರೆ ಪೇಟೆಂಟ್ ಚಿತ್ರ ಪುಕ್ಕಟೆ ಸಿಗುತ್ತದೆ. ಇಲ್ಲಿ ಮೂರು ಕಡೆ ಎಡವುತ್ತಾರೆ. ಪೇಟೆಂಟ್ ತಾರೀಖನ್ನೇ ಬಂದ ತಾರೀಖು ಎಂದು ತಿಳಿಯುವುದು ಮೊದಲನೆಯದು. ಚಾರ್ಲ್ಸ್ ಅರ್ಜಿ ಹಾಕಿದ್ದು 1880ರಲ್ಲಿ, ಪುರಾವೆ ಒಪ್ಪಿಸಿದ್ದು 1886ರಲ್ಲಿ, ಪೇಟೆಂಟ್ ಅದಕ್ಕೂ ಆಮೇಲೆ. ಎರಡನೆಯದು, 1820ರ ಕಾಯ್ದೆಯ ಹೆಸರಿನಲ್ಲಿ ‘ನಗದು ಮಾರಾಟ’ ಎಂದಿದ್ದರೆ ಬರೀ ಖರೀದಿ ಎಂದುಕೊಂಡು ಬಿಟ್ಟುಬಿಡುವುದು. ಅದರ ಹಿಂದೆ ಹಣ ಕಟ್ಟಿ ಮುಗಿಸಿದ ಹೋಮ್‌ಸ್ಟೆಡ್ ಅಡಗಿರಬಹುದು, ಕಡತ ದಪ್ಪಗಿರಬಹುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಹೆಸರು ಬರಲಿಲ್ಲವೆಂದು ಜಮೀನೇ ಇರಲಿಲ್ಲ ಎಂದುಕೊಳ್ಳುವುದು. ಅರ್ಜಿ ಹಾಕಿ ಅರ್ಧಕ್ಕೆ ಬಿಟ್ಟವರಿಗೆ ಪೇಟೆಂಟ್ ಇಲ್ಲ, ಆದರೆ ಕಡತ ಇದೆ. ಅವರ ಹೆಸರು ಜಮೀನಿನ ತುಂಡುವಾರು ಲೆಕ್ಕ ಬರೆದ ಟ್ರ್ಯಾಕ್ಟ್ ಬುಕ್‌ಗಳಲ್ಲಿ ಸಿಗುತ್ತದೆ. ಈ ಪುಸ್ತಕಗಳ ಚಿತ್ರಗಳು ವಂಶಾವಳಿ ಹುಡುಕುವ ತಾಣವಾದ ಫ್ಯಾಮಿಲಿ ಸರ್ಚ್‌ನಲ್ಲಿವೆ, ಖಾತೆ ಉಚಿತ. ಹೆಸರಿನಿಂದಲ್ಲ, ಟೌನ್‌ಶಿಪ್ ರೇಂಜ್ ಹಿಡಿದು ಪುಟ ಮಗುಚಬೇಕು.

ಪೇಟೆಂಟ್ ಬರೀ ರಸೀದಿ. ನಿನಗೆ ಬೇಕಾದದ್ದು ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಕಡತ. ರಾಜ್ಯ, ಲ್ಯಾಂಡ್ ಆಫೀಸಿನ ಊರು, ಅಂತಿಮ ಸರ್ಟಿಫಿಕೇಟ್ ನಂಬರ್, ಜಮೀನಿನ ವಿವರ, ಇಷ್ಟು ಕೊಟ್ಟರೆ ಶುಲ್ಕ ಪಡೆದು ನಕಲು ಕಳಿಸುತ್ತಾರೆ. ಯಾವ ದಿನ ವಾಸ ಶುರುವಾಯಿತು, ಮನೆಯ ಅಳತೆ, ಎಷ್ಟು ಎಕರೆ ಉತ್ತರು, ಮನೆಯಲ್ಲಿ ಎಷ್ಟು ಜನ, ಎಷ್ಟು ದಿನ ಊರು ಬಿಟ್ಟಿದ್ದರು, ಯಾಕೆ, ಎಲ್ಲವೂ ಆ ಪ್ರಶ್ನೋತ್ತರದಲ್ಲಿರುತ್ತದೆ. ಯುರೋಪಿನಿಂದ ಬಂದವರಾದರೆ ಪೌರತ್ವದ ಕಾಗದವೂ ಜೊತೆಗಿರುತ್ತದೆ.

ಬೀಗರ ಒಂದು ಕವಲು ಒರೆಗಾನ್‌ಗೆ ಹೋಯಿತು ಎಂದೂ ಬರೆದಿದ್ದೀಯ. 1855ಕ್ಕೆ ಮೊದಲು ಹೋದವರಾದರೆ ಅದೃಷ್ಟ. 1850ರ ಡೊನೇಷನ್ ಲ್ಯಾಂಡ್ ಕಾಯ್ದೆಯಲ್ಲಿ 1850ರ ಡಿಸೆಂಬರ್ 1ರೊಳಗೆ ನೆಲೆಸಿದ ದಂಪತಿಗೆ 640 ಎಕರೆ, ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹೆಸರಿಗೆ. ಆಮೇಲೆ ಬಂದವರಿಗೆ ಇದರ ಅರ್ಧ. ಹೆಂಡತಿಗೂ ಪಾಲಿದ್ದುದರಿಂದ ಮದುವೆ ಎಲ್ಲಿ, ಯಾವತ್ತು ಆಯಿತು ಎಂದು ಬರೆಸಲೇಬೇಕಿತ್ತು. ಹುಟ್ಟಿದ ಊರು, ಒರೆಗಾನ್ ಮುಟ್ಟಿದ ದಿನಾಂಕ ಕೂಡ. ಎರಡು ಸಾವಿರ ಮೈಲಿ ಹಿಂದಿನ ಮದುವೆ ಒಂದೇ ಸಾಲಿನಲ್ಲಿ ಸಿಗುವುದು ಇಲ್ಲೇ.

ಕೌಂಟಿ ಕ್ರಯಪತ್ರಗಳಲ್ಲಿ ಕೊಂಡವರ ಸೂಚಿ, ಮಾರಿದವರ ಸೂಚಿ ಬೇರೆ ಬೇರೆ. ಎರಡನ್ನೂ ನೋಡು. ಕೊಳ್ಳುವಾಗ ಹೆಂಡತಿ ಕಾಣುವುದಿಲ್ಲ. ಮಾರುವಾಗ ಅವಳ ಹಕ್ಕು ಬಿಡಿಸಿಕೊಳ್ಳಬೇಕಾದ್ದರಿಂದ ಬಹುತೇಕ ಹೆಸರು ಬರುತ್ತದೆ. ಮೊದಲ ಪತ್ರದಲ್ಲಿ ಒಂದು ಹೆಸರು, ಹತ್ತು ವರ್ಷದ ಮೇಲೆ ಇನ್ನೊಂದು ಹೆಸರಿದ್ದರೆ ಎರಡನೇ ಮದುವೆ ಇರಬಹುದು. ಕೌಂಟಿಗಳೂ ಒಡೆಯುತ್ತಾ ಹೋಗಿವೆ. ಪತ್ರ ಇರುವುದು ಆ ವರ್ಷ ಆ ನೆಲ ಯಾವ ಕೌಂಟಿಗೆ ಸೇರಿತ್ತೋ ಅಲ್ಲಿ. ದಕೋಟ ಎರಡಾದದ್ದು 1889ರ ನವೆಂಬರ್ 2ಕ್ಕೆ, ಅದಕ್ಕೆ ಮೊದಲು ಬರೀ ‘ದಕೋಟ’ ಎಂದಿದ್ದರೆ ಉತ್ತರವೂ ಆಗಬಹುದು, ದಕ್ಷಿಣವೂ ಆಗಬಹುದು.

ಇನ್ನು ಕೈಬರಹದ ಕಾಟ. ‘ಪಿಎ’ ಮತ್ತು ‘ವಿಎ’ ಅದಲುಬದಲಾಗಿ ಪೆನ್ಸಿಲ್ವೇನಿಯಾದವನು ವರ್ಜೀನಿಯಾದವನಾಗುತ್ತಾನೆ. ‘ಐಎ’ ಎಂದರೆ ಅಯೋವಾ ಎಂದು ಕಣ್ಣುಮುಚ್ಚಿ ಬರೆಯಬೇಡ, ಹಳಬರು ಇಂಡಿಯಾನಾಕ್ಕೂ ಅದನ್ನೇ ಬಳಸುತ್ತಿದ್ದರು. 1870ರ ಗಣತಿಗೆ ಲೆಕ್ಕದ ದಿನ ಜೂನ್ 1. ಗಣತಿದಾರ ಆಗಸ್ಟ್‌ನಲ್ಲಿ ಬಂದರೂ ಜೂನ್ 1ಕ್ಕೆ ಇದ್ದವರನ್ನಷ್ಟೇ ಬರೆಯಬೇಕು. ಆ ಲೆಕ್ಕದಲ್ಲಿ ಆಗಸ್ಟ್ 3ರಂದು ಹುಟ್ಟಿದ ಕ್ಯಾರಿಗೆ ಅಲ್ಲಿ ಜಾಗವಿಲ್ಲ. ಆದರೆ ತೊಟ್ಟಿಲಲ್ಲಿ ಕೂಸು ಕಂಡ ಮೇಲೆ ನಿಯಮ ಮರೆತ ಗಣತಿದಾರರೂ ಬೇಕಾದಷ್ಟು. ಹಾಗಾಗಿ ಹಾಳೆಯಲ್ಲಿ ಕೂಸು ಇಲ್ಲದ್ದನ್ನಾಗಲಿ ಇದ್ದದ್ದನ್ನಾಗಲಿ ಹುಟ್ಟಿನ ಪುರಾವೆ ಮಾಡಿಕೊಳ್ಳಬೇಡ.

ಒಂದು ಉದ್ದದ ಹಾಳೆಯಲ್ಲಿ ಐದು ಕಾಲಂ ಎಳೆ: ತಾರೀಖು, ಕೌಂಟಿ, ಯಾವ ಕಾಗದ, ಕಾಗದದಲ್ಲಿ ಇದ್ದ ಎಲ್ಲ ಹೆಸರು, ಇಬ್ಬದಿಯ ನೆರೆಯವರು. ಕಾಗುಣಿತ ತಿದ್ದಬೇಡ, ಇದ್ದ ಹಾಗೇ ಇಳಿಸು. ಬೀಗರ ಮನೆಯ ಬೈಬಲ್ ಸಿಕ್ಕಿದರೆ ಮೊದಲು ಅದು ಅಚ್ಚಾದ ವರ್ಷ ನೋಡು. 1870ರಲ್ಲಿ ಅಚ್ಚಾದ ಪುಸ್ತಕದಲ್ಲಿ 1840ರ ಹುಟ್ಟು ಒಂದೇ ಶಾಯಿಯಲ್ಲಿ ಸಾಲಾಗಿ ಬರೆದಿದ್ದರೆ ಅದು ನೆನಪಿನಿಂದ ಬರೆದದ್ದು. ಆ ಪುಟದ ಫೋಟೋ, 1880ರ ಹಾಳೆಯ ಪೂರ್ತಿ ಚಿತ್ರ, ಎರಡನ್ನೂ ಕಳಿಸು. ಅವರ ಮನೆಯ ಸಾಲನ್ನಷ್ಟೇ ಕತ್ತರಿಸಿ ಕಳಿಸಬೇಡ, ಮೇಲಿನ ಕೆಳಗಿನ ಮನೆಗಳೂ ಬೇಕು.

ನಿನ್ನ,
ಹಳೆಯ ಗೆಳೆಯ