ಶುಕ್ರವಾರದ ಸಭೆ: ಅಂಗವಿಕಲ ವಿದ್ಯಾರ್ಥಿಗಳ ಕುರಿತು ಅಧ್ಯಾಪಕರ ಅಭಿಪ್ರಾಯ

ಎಲ್ಲರಿಗೂ ನಮಸ್ಕಾರ. ಅಂಗವಿಕಲ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಿಮಗೆ ಏನು ಕಷ್ಟ, ಏನು ಬೇಕು ಎಂದು ಕೇಳಲು ಇದೇ ಶುಕ್ರವಾರ ಮಧ್ಯಾಹ್ನ 3ಕ್ಕೆ ಸಭೆ ಇದೆ. ನೆಲಮಹಡಿಯ ಸೆಮಿನಾರ್ ಹಾಲ್. (ಮೇಲಿನದ್ದಲ್ಲ, ಲಿಫ್ಟ್ ಇನ್ನೂ ರಿಪೇರಿಯಲ್ಲೇ ಇದೆ!) ಅತಿಥಿ ಉಪನ್ಯಾಸಕರೂ ತಪ್ಪದೆ ಬನ್ನಿ, ಹೆಚ್ಚು ತರಗತಿ ತೆಗೆದುಕೊಳ್ಳುವವರು ನೀವೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಶೇ. 5 ಪ್ರವೇಶ ಮೀಸಲಾತಿ, ಉತ್ತರ ಬರೆದುಕೊಡುವ ಲಿಪಿಕಾರರ ನೆರವು, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಇವು ಇರುವ ನಿಯಮ. ಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿ ಬೇಡ. ನಮ್ಮ ಮಾತು ತರಗತಿಯ ಬಗ್ಗೆ.

ಬರುವ ಮುನ್ನ ನಿಮ್ಮದೊಂದು ನೋಟ್ಸ್ ಫೈಲನ್ನು ಫೋನಿನ ಟಾಕ್‌ಬ್ಯಾಕ್‌ನಲ್ಲಿ (ಪರದೆಯ ಮೇಲಿನದನ್ನು ಓದಿ ಹೇಳುವ ಸೌಲಭ್ಯ) ಓದಿಸಿ ಕೇಳಿ. ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನದಾದರೆ ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳ ಸರಮಾಲೆ ಕೇಳಿಸುತ್ತದೆ, ಫೋಟೊ ತೆಗೆದ ಪುಟವಾದರೆ ಎಷ್ಟೋ ಸಲ ಅದೂ ಇಲ್ಲ. ಅಂಧ ವಿದ್ಯಾರ್ಥಿಯ ಕೈಗೆ ಹೋಗುತ್ತಿರುವುದು ಅದೇ ಫೈಲ್. ಪೆನ್‌ಡ್ರೈವ್‌ನಲ್ಲಿ ತಂದರೆ ಯೂನಿಕೋಡ್‌ಗೆ ಬದಲಿಸುವುದನ್ನು ಅಲ್ಲೇ ತೋರಿಸುತ್ತೇವೆ.

ಬರುವವರು ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಬರಲಾಗದವರು ನನಗೆ ಪ್ರತ್ಯೇಕ ವಾಯ್ಸ್ ಮೆಸೇಜ್ ಕಳಿಸಿದರೂ ಆದೀತು. ದಯವಿಟ್ಟು ಯಾವ ವಿದ್ಯಾರ್ಥಿಯ ಹೆಸರನ್ನೂ ಪ್ರಮಾಣಪತ್ರವನ್ನೂ ಗುಂಪಿನಲ್ಲಿ ಹಾಕಬೇಡಿ.