ಮಾಡಿದ ಕೆಲಸವನ್ನೂ ಕೇಳಿ

ಮಾನ್ಯರೆ,

ಮುಪ್ಪಿನ ಮರೆವು ಮತ್ತು ಕೈನಡುಕದ ಕಾಯಿಲೆಗಳನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನ ವಯಸ್ಸು, ವಂಶವಾಹಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಲ್ಲವನ್ನೂ ಪ್ರಸ್ತಾಪಿಸಿತ್ತು. ರೋಗಿಯು ದುಡಿಮೆಯ ವರ್ಷಗಳನ್ನು ಯಾವ ಧೂಳಿನಲ್ಲಿ, ಯಾವ ಹೊಗೆಯಲ್ಲಿ ಕಳೆದಿದ್ದರು ಎಂಬುದೊಂದನ್ನು ಬಿಟ್ಟಿತ್ತು. ಕಾರ್ಖಾನೆಗಳಲ್ಲಿ ಸುರಕ್ಷತೆಯ ಕೆಲಸ ನೋಡಿಕೊಂಡು ನಿವೃತ್ತನಾದವನು ನಾನು. ಆ ಲೋಪ ಕಣ್ಣಿಗೆ ಬಿದ್ದುದರಿಂದ ಬರೆಯುತ್ತಿದ್ದೇನೆ.

ಲೋಹಕ್ಕೂ ನರರೋಗಕ್ಕೂ ಇರುವ ನಂಟು ಹೊಸದಾಗಿ ಕಂಡುಕೊಂಡದ್ದಲ್ಲ. ಜೇಮ್ಸ್ ಪಾರ್ಕಿನ್ಸನ್ ನಡುಕದ ಕಾಯಿಲೆಯನ್ನು ವಿವರಿಸಿದ್ದು 1817ರಲ್ಲಿ. ಅದಾದ ಇಪ್ಪತ್ತೇ ವರ್ಷಕ್ಕೆ, 1837ರಲ್ಲಿ, ಗ್ಲಾಸ್ಗೋದ ವೈದ್ಯ ಕೂಪರ್ ಅವರು ಮ್ಯಾಂಗನೀಸ್ ಅದಿರನ್ನು ಅರೆಯುತ್ತಿದ್ದ ಕಾರ್ಮಿಕರಲ್ಲಿ ಕಾಲಿನ ಬಲ ಕುಂದುವುದನ್ನೂ ದನಿ ಕ್ಷೀಣಿಸುವುದನ್ನೂ ನಡೆಯುವಾಗ ಮುಂದಕ್ಕೆ ಮುಗ್ಗರಿಸುವುದನ್ನೂ ದಾಖಲಿಸಿದರು. ಆಹಾರದಲ್ಲಿ ಬಂದ ಮ್ಯಾಂಗನೀಸ್ ಹೆಚ್ಚಾದರೆ ಯಕೃತ್ತು ಅದನ್ನು ಪಿತ್ತರಸದೊಡನೆ ಹೊರಹಾಕುತ್ತದೆ. ಉಸಿರಿನೊಂದಿಗೆ ಒಳಹೊಕ್ಕ ಸೂಕ್ಷ್ಮ ಕಣಗಳು ಆ ಕಾವಲನ್ನು ತಪ್ಪಿಸಿಕೊಂಡು ಮಿದುಳನ್ನು ಸೇರಬಲ್ಲವು. ಅದಿರು ಪುಡಿಮಾಡುವವರು, ಉಕ್ಕು ಕರಗಿಸುವವರು, ಗಾಳಿಯಾಡದ ಇಕ್ಕಟ್ಟಿನಲ್ಲಿ ವೆಲ್ಡಿಂಗ್ ಮಾಡುವವರು ಇದಕ್ಕೆ ಈಡಾಗುತ್ತಾರೆ. ಹೊರನೋಟಕ್ಕೆ ಪಾರ್ಕಿನ್ಸನ್‌ನಂತೆಯೇ ಕಾಣುವ ಈ ಕಾಯಿಲೆ ಮಿದುಳಿನ ಬೇರೊಂದು ಭಾಗವನ್ನು ಹೆಚ್ಚಾಗಿ ಕೆಡಿಸುವುದರಿಂದ, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಇದರಲ್ಲಿ ಸಾಮಾನ್ಯವಾಗಿ ಹೆಚ್ಚಿನ ಫಲ ಕೊಡುವುದಿಲ್ಲ. ಕಸುಬನ್ನು ವಿಚಾರಿಸದೆ ಬರೆದ ಚೀಟಿಯಲ್ಲಿ ಆ ಮಾತ್ರೆಯ ಪ್ರಮಾಣ ಸುಮ್ಮನೆ ಏರುತ್ತ ಹೋಗಬಹುದು.

ಸೀಸದ ಕಥೆ ಇನ್ನೂ ಮೋಸದ್ದು. ದೇಹಕ್ಕೆ ಅದು ಸುಣ್ಣದ ಅಂಶದಂತೆಯೇ ಕಾಣುವುದರಿಂದ ಮೂಳೆಗಳಲ್ಲಿ ಹೋಗಿ ಕೂರುತ್ತದೆ; ವಯಸ್ಕರ ದೇಹದಲ್ಲಿರುವ ಸೀಸದಲ್ಲಿ ಶೇ 90ಕ್ಕೂ ಹೆಚ್ಚು ಇರುವುದು ಅಲ್ಲಿಯೇ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು, ಮೂಳೆಯಲ್ಲಿ ದಶಕಗಳೇ ಬೇಕು. ಸೀಸ ಬಳಸುವ ಬ್ಯಾಟರಿ ಕಾರ್ಖಾನೆ ಬಿಟ್ಟು ಇಪ್ಪತ್ತು ವರ್ಷವಾದವರ ರಕ್ತಪರೀಕ್ಷೆ ‘ಸಹಜ’ ಎಂದು ಬಂದರೆ ಅದರಿಂದ ತಿಳಿಯುವುದು ಈಚಿನ ವಾರಗಳ ಸಂಗತಿ ಮಾತ್ರ. ಮುಟ್ಟು ನಿಂತ ಬಳಿಕ ಅಥವಾ ಬಹುಕಾಲ ಹಾಸಿಗೆ ಹಿಡಿದಾಗ ಮೂಳೆ ಸವೆದಂತೆ ಹಳೆಯ ಸೀಸ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಶೈಶವದಲ್ಲಿ ಸೀಸ ಉಣಿಸಿದ್ದ ಮಂಗಗಳ ಮಿದುಳನ್ನು ಅವುಗಳ ಸುಮಾರು 23ನೇ ವಯಸ್ಸಿನಲ್ಲಿ ಪರೀಕ್ಷಿಸಿದ ಸಂಶೋಧನೆಯೊಂದು 2008ರಲ್ಲಿ ಪ್ರಕಟವಾಯಿತು. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಕಾಣುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ ಆ ಮಂಗಗಳಲ್ಲಿ ಉಳಿದವುಗಳಿಗಿಂತ ಹೆಚ್ಚಿತ್ತು. 1920ರ ದಶಕದಲ್ಲಿ ರಸ್ತೆ ವಾಹನಗಳ ಪೆಟ್ರೋಲಿಗೆ ಬೆರೆಸತೊಡಗಿದ ಸೀಸವನ್ನು ಜಗತ್ತು ಪೂರ್ತಿಯಾಗಿ ಕೈಬಿಟ್ಟದ್ದು 2021ರಲ್ಲಿ ಎಂಬುದನ್ನು ನೆನೆದರೆ, ಇದು ಕಾರ್ಮಿಕರಿಗಷ್ಟೇ ಸೇರಿದ ವಿಷಯವಲ್ಲ ಎಂಬುದೂ ತಿಳಿಯುತ್ತದೆ.

ಮಂಗಗಳಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೆಯೇ ಆಗುತ್ತದೆಂದು ಹೇಳಲಾಗದು. ಮೂಳೆಯ ಸೀಸವನ್ನು ನೇರವಾಗಿ ಅಳೆದ ಕೆಲವು ಅಧ್ಯಯನಗಳಲ್ಲಿ ಅದು ಹೆಚ್ಚಿದ್ದವರಿಗೆ ಪಾರ್ಕಿನ್ಸನ್ ಕಾಯಿಲೆಯ ಸಂಭವವೂ ಹೆಚ್ಚಿತ್ತು ಎಂಬುದು ನಿಜ. ಆದರೆ ಒಬ್ಬ ರೋಗಿಯತ್ತ ಬೆರಳು ಮಾಡಿ ‘ಇವರ ಕಾಯಿಲೆ ಸೀಸದಿಂದಲೇ ಬಂತು’ ಎನ್ನಲು ಅಷ್ಟು ಸಾಲದು. ಅಲ್ಯುಮಿನಿಯಂನಿಂದ ಮರೆವು ಬರುತ್ತದೆಂಬ ಹಳೆಯ ಆರೋಪಕ್ಕಂತೂ ಗಟ್ಟಿ ಪುರಾವೆ ಇಲ್ಲ, ಮೇಲಾಗಿ ಅದು ಸೀಸದಂಥ ಭಾರಲೋಹವೇ ಅಲ್ಲ. ಈ ಅನಿಶ್ಚಿತತೆಯನ್ನೇ ಬಂಡವಾಳ ಮಾಡಿಕೊಂಡು ‘ದೇಹದ ಲೋಹ ತೊಳೆಯುವ’ ಚಿಕಿತ್ಸೆಯನ್ನು ಮರೆವಿನ ರೋಗಿಗಳಿಗೆ ಮಾರುವವರಿದ್ದಾರೆ. ಕೀಲೇಷನ್ ಎನ್ನುವ ಆ ವಿಧಾನ ತೀವ್ರ ಸೀಸವಿಷಕ್ಕೆ ಸರಿಯಾದ ಔಷಧ. ಮರೆವನ್ನು ಅದು ವಾಸಿಮಾಡುತ್ತದೆಂಬುದು ಸಾಬೀತಾಗಿಲ್ಲ, ಔಷಧದ ಆಯ್ಕೆ ತಪ್ಪಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಪ್ರಾಣಕ್ಕೇ ಎರವಾಗಬಹುದು.

ಹಾಗಾಗಿ ನರರೋಗ ತಜ್ಞರಲ್ಲಿ ನನ್ನ ಕೋರಿಕೆ ಚಿಕ್ಕದು: ರೋಗಿಯ ವಿವರದ ಹಾಳೆಯಲ್ಲಿ ‘ನಿವೃತ್ತ’ ಎಂದಷ್ಟೇ ಬರೆದುಕೊಳ್ಳದೆ, ಏನು ಮಾಡಿ ನಿವೃತ್ತರಾದರು, ಎಷ್ಟು ವರ್ಷ ಮಾಡಿದರು ಎಂಬುದನ್ನೂ ಬರೆದುಕೊಳ್ಳಲಿ. ಕಾರ್ಖಾನೆಗಳು ಕಾರ್ಮಿಕರ ರಕ್ತದ ಸೀಸ ಅಳೆದ ವರದಿಗಳನ್ನು ಕಡತದಲ್ಲಿ ಕಟ್ಟಿಡುವ ಬದಲು, ಕೆಲಸ ಬಿಡುವ ದಿನ ಅವುಗಳ ಪ್ರತಿಯನ್ನು ಆಯಾ ಕಾರ್ಮಿಕರ ಕೈಗೇ ಕೊಡಲಿ. ಇಪ್ಪತ್ತು ವರ್ಷದ ನಂತರ ವೈದ್ಯರು ಎಷ್ಟು ರಕ್ತ ತೆಗೆದರೂ ಆ ಅಂಕಿ ಸಿಗುವುದಿಲ್ಲ.

– ನಿವೃತ್ತ ಕಾರ್ಖಾನೆ ಸುರಕ್ಷತಾ ಅಧಿಕಾರಿ