ಆಟದ ಹೊಲದಲ್ಲಿ ಬೆಳೆದ ಸಂತೆ

ಮಾನ್ಯ ಸಂಪಾದಕರೇ,

ಆನ್‌ಲೈನ್ ಆಟಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಪಾಲು ಗೀಳು, ಹಣದ ಪೋಲು, ನಿದ್ದೆಗೇಡು ಇವುಗಳ ಸುತ್ತಲೇ ಇರುತ್ತವೆ. ಆ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಬೇಸಾಯದ ಆಟಗಳಲ್ಲಿ ಆಟಗಾರರು ತಾವೇ ಕಟ್ಟಿಕೊಂಡಿರುವ ಮಾರುಕಟ್ಟೆ ನಮ್ಮ ಚರ್ಚೆಗೆ ಬರುವುದು ಅಪರೂಪವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

2009ರಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಜಿಂಗಾ ಕಂಪನಿಯ ‘ಫಾರ್ಮ್‌ವಿಲ್’ ಆಟದ ಆರಂಭದ ದಿನಗಳಲ್ಲಿ ನೆರೆಹೊರೆಯೆಂದರೆ ಉಡುಗೊರೆ ಕಳಿಸುವುದು, ಪರಿಚಿತರ ಹೊಲಕ್ಕೆ ಗೊಬ್ಬರ ಹಾಕಿ ಬರುವುದು, ಇಷ್ಟೇ ಆಗಿತ್ತು. ಬೆಳೆಗೆ ಬೆಲೆ ಕಟ್ಟುವುದು ಆಟದ ಕೆಲಸವಾಗಿತ್ತು. 2012ರಲ್ಲಿ ಫಿನ್ಲೆಂಡಿನ ಸೂಪರ್‌ಸೆಲ್ ತಂದ ‘ಹೇ ಡೇ’ಯಲ್ಲಿ ಪ್ರತಿಯೊಬ್ಬರಿಗೂ ರಸ್ತೆಬದಿಯ ಅಂಗಡಿಯೊಂದಿದೆ. ಅಲ್ಲಿಟ್ಟ ಸರಕಿನ ಜಾಹೀರಾತು ಆಟದೊಳಗಿನ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಅದನ್ನು ನೋಡಿ ಎಲ್ಲಿಯವರೋ ಬಂದು ಕೊಳ್ಳುತ್ತಾರೆ. ಬೆಲೆಯನ್ನು ಮಾರುವವರೇ ನಿರ್ಧರಿಸಬಹುದು, ಆದರೆ ಪ್ರತಿ ವಸ್ತುವಿಗೂ ಕಂಪನಿ ಹಾಕಿದ ಗರಿಷ್ಠ ಮಿತಿಯನ್ನು ದಾಟುವಂತಿಲ್ಲ. ಅಲ್ಲಿನ ಸ್ವಾರಸ್ಯವೆಲ್ಲ ಹುಟ್ಟಿರುವುದು ಈ ಮಿತಿಯಿಂದಲೇ ಎಂಬುದು ಆ ಆಟವನ್ನು ಆಡುತ್ತಲೇ ಇರುವ ನನ್ನ ಅಭಿಪ್ರಾಯ.

ಉಗ್ರಾಣವನ್ನು ದೊಡ್ಡದು ಮಾಡುವುದನ್ನೇ ನೋಡಿ. ಅದಕ್ಕೆ ಬೋಲ್ಟ್, ಹಲಗೆ, ಡಕ್ಟ್ ಟೇಪ್ ಮೂರೂ ಸಮಸಂಖ್ಯೆಯಲ್ಲಿ ಬೇಕು. ಇವು ಬೆಳೆ ಕೊಯ್ಯುವಾಗಲೋ ಹಾಲು ಕರೆಯುವಾಗಲೋ ಅದೃಷ್ಟವಿದ್ದಂತೆ ಸಿಗುವುದರಿಂದ ಒಬ್ಬರ ಬಳಿ ಬೋಲ್ಟ್ ರಾಶಿ ಬಿದ್ದಿರುತ್ತದೆ, ಟೇಪಿಗೆ ಬರ. ಇನ್ನೊಬ್ಬರದು ಇದಕ್ಕೆ ತದ್ವಿರುದ್ಧ. ನಾಣ್ಯ ಕೊಟ್ಟು ಕೊಳ್ಳೋಣವೆಂದರೆ, ಇವುಗಳಿಗಿರುವ ಬೇಡಿಕೆಯ ಮುಂದೆ ಗರಿಷ್ಠ ಬೆಲೆಯೂ ತೀರಾ ಅಗ್ಗವಾದ್ದರಿಂದ, ಪತ್ರಿಕೆಯಲ್ಲಿ ಕಂಡ ಸರಕು ನಾವು ಆ ಅಂಗಡಿ ತಲುಪುವಷ್ಟರಲ್ಲಿ ಖಾಲಿಯಾಗಿರುತ್ತದೆ. ಬೆಲೆ ಏರಲು ದಾರಿಯಿಲ್ಲದ ಕಡೆ ಅಭಾವ ತಲೆದೋರುತ್ತದೆ ಎಂದು ಅರ್ಥಶಾಸ್ತ್ರದ ಪಠ್ಯಗಳು ಹೇಳುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಹೀಗಾಗಿ ಆಟಗಾರರು ವಸ್ತು ವಿನಿಮಯಕ್ಕೆ ಮರಳಿದ್ದಾರೆ. ನಮ್ಮ ಐದು ಬೋಲ್ಟಿಗೆ ನಿಮ್ಮ ಐದು ಟೇಪ್ ಎಂದು ಮಾತಾಗುತ್ತದೆ. ಆದರೆ ಆಟದಲ್ಲಿ ಇಂಥ ವಿನಿಮಯಕ್ಕೆಂದೇ ಒಂದು ಗುಂಡಿಯಿಲ್ಲ. ಒಬ್ಬರು ಜಾಹೀರಾತು ಕೊಡದೆ ಸರಕನ್ನು ಅಂಗಡಿಯಲ್ಲಿಡಬೇಕು, ಇನ್ನೊಬ್ಬರು ತಕ್ಷಣ ಬಂದು ಕೊಳ್ಳಬೇಕು, ಆಮೇಲೆ ಅವರು ತಮ್ಮ ಸರಕನ್ನಿಡಬೇಕು. ಆ ನಡುವಿನ ಕ್ಷಣದಲ್ಲಿ ದಾರಿಹೋಕರೊಬ್ಬರು ಎತ್ತಿಕೊಂಡು ಹೋಗಬಹುದು, ಇಲ್ಲವೇ ಮಾತು ಕೊಟ್ಟವರೇ ಮಾಯವಾಗಬಹುದು. ದೂರು ಕೊಡಲು ಯಾವ ಕಟ್ಟೆಯೂ ಇಲ್ಲ. ಆದ್ದರಿಂದಲೇ ಹೊಸಬರು ಮೊದಲು ಇಡಬೇಕೆಂಬ ರೂಢಿಯೂ, ನಂಬಿಗಸ್ತರು ಯಾರು ಮೋಸಗಾರರು ಯಾರು ಎಂಬ ಪಟ್ಟಿಯೂ ಗುಂಪುಗಳಲ್ಲಿ ಬೆಳೆದು ಬಂದಿವೆ. ಒಂದು ನೆರೆಹೊರೆ ಗುಂಪಿನಲ್ಲಿ ಹೆಚ್ಚೆಂದರೆ 30 ಮಂದಿ ಇರಬಹುದು. ಗುಂಪು ಗುಂಪುಗಳ ನಡುವೆ ನಡೆಯುವ ಡರ್ಬಿ ಎಂಬ ಸ್ಪರ್ಧೆಯಲ್ಲಿ ಅತಿ ಹೆಚ್ಚಿನ, ಅಂದರೆ 320 ಅಂಕದ ಕೆಲಸಗಳನ್ನಷ್ಟೇ ಎತ್ತಿಕೊಳ್ಳಬೇಕೆಂದು ಕಟ್ಟುಪಾಡು ಮಾಡಿ, ತಪ್ಪಿದವರನ್ನು ಮುಲಾಜಿಲ್ಲದೆ ಹೊರಹಾಕುವ ಗುಂಪುಗಳೂ ಇವೆ. ಇಷ್ಟು ಬಿಗಿ ಬೇಕೇ ಎಂದು ನನಗೂ ಅನ್ನಿಸಿದ್ದುಂಟು.

ನಿಂಟೆಂಡೊ 2020ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಅಪ್ಪಟ ಬೇಸಾಯದ ಆಟವಲ್ಲ. ಅದರ ಟರ್ನಿಪ್ ವ್ಯಾಪಾರದ ಕಥೆ ಮಾತ್ರ ಇದೇ ಜಾಡಿನದು. ಭಾನುವಾರ ಬೆಳಿಗ್ಗೆ 90ರಿಂದ 110 ಬೆಲ್ಸ್ (ಆ ಆಟದ ನಾಣ್ಯ) ಕೊಟ್ಟು ಕೊಂಡ ಗೆಡ್ಡೆಯನ್ನು ಶನಿವಾರದೊಳಗೆ ಮಾರದಿದ್ದರೆ ಕೊಳೆತುಹೋಗುತ್ತದೆ. ಆಟದ ಅಂಗಡಿ ಅದನ್ನು ನಮ್ಮಿಂದ ಕೊಳ್ಳುವ ದರ ದಿನಕ್ಕೆರಡು ಬಾರಿ ಬದಲಾಗುತ್ತದೆ, ಅದೂ ಒಬ್ಬೊಬ್ಬ ಆಟಗಾರರ ದ್ವೀಪದಲ್ಲಿ ಒಂದೊಂದು ರೀತಿ. ಒಳ್ಳೆಯ ದರ ಸಿಕ್ಕ ದ್ವೀಪದವರು ಅಪರಿಚಿತರಿಗೂ ಬಾಗಿಲು ತೆರೆದರು, ಸರದಿಯ ಸಾಲು ಏರ್ಪಟ್ಟಿತು, ಬಂದವರು ಲಾಭದಲ್ಲೊಂದು ಪಾಲನ್ನು ಕಾಣಿಕೆಯಾಗಿ ಬಿಟ್ಟು ಹೋಗುವ ಪದ್ಧತಿ ಹುಟ್ಟಿತು.

ಇದರಲ್ಲಿ ಕೆಟ್ಟದ್ದೂ ಇದೆ. ‘ಹೇ ಡೇ’ಯಲ್ಲಿ ಗೋಧಿ ಎರಡೇ ನಿಮಿಷಕ್ಕೆ ಕೊಯ್ಲಿಗೆ ಬರುವುದರಿಂದ, ತಾವಾಗಿಯೇ ಆಟವಾಡುವ ತಂತ್ರಾಂಶಗಳಾದ ಬಾಟ್‌ಗಳ ಮೂಲಕ ಹಗಲು ರಾತ್ರಿ ಬಿತ್ತಿ ಕೊಯ್ದು, ಸಿಕ್ಕ ಬೋಲ್ಟು ಹಲಗೆಗಳನ್ನು ನಿಜವಾದ ಹಣಕ್ಕೆ ಮಾರುವವರಿದ್ದಾರೆ. ನಿಯಮ ಮೀರಿದ ಖಾತೆಗಳನ್ನು ಕಂಪನಿ ಮುಚ್ಚಿಸಬಹುದು. ಆದರೆ ಅಭಾವ ಇರುವವರೆಗೂ ಕಾಳಸಂತೆಗೆ ಗಿರಾಕಿಗಳು ಇದ್ದೇ ಇರುತ್ತಾರೆ.

ನನ್ನ ಮುಖ್ಯ ಆಕ್ಷೇಪ ಬೇರೆಯದು. ವಿನಿಮಯದ ದರ, ನಂಬಿಕೆಯ ಪಟ್ಟಿ, ಹೊಸಬರಿಗೆ ಹೇಳಿಕೊಡುವ ಪಾಠ ಇವೆಲ್ಲವನ್ನೂ ಕಟ್ಟಿದವರು ಆಟಗಾರರು. ಆದರೆ ಯಾವ ವಸ್ತು ಎಷ್ಟು ವಿರಳವಾಗಿ ಸಿಗಬೇಕು, ಬೆಲೆಯ ಮಿತಿ ಎಲ್ಲಿರಬೇಕು ಎಂಬುದು ಕಂಪನಿಯ ಕೈಯಲ್ಲಿದೆ, ಅದು ಬದಲಾದರೆ ಕೂಡಿಟ್ಟ ಸರಕಿನ ಮೌಲ್ಯ ಒಂದೇ ದಿನದಲ್ಲಿ ಇಳಿದುಹೋಗಬಹುದು. ಆಟ ನಡೆಯಲು ಬೇಕಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಂತುಹೋಗಲಿದ್ದ ಕಾರಣ ಮೂಲ ‘ಫಾರ್ಮ್‌ವಿಲ್’ 2020ರ ಡಿಸೆಂಬರ್ 31ರಂದು ಮುಚ್ಚಿತಾದರೂ, ಜಿಂಗಾ ಅದನ್ನು ಸೆಪ್ಟೆಂಬರ್‌ನಲ್ಲೇ ತಿಳಿಸಿ, ನವೆಂಬರ್ 17ರಿಂದ ಆಟದೊಳಗಿನ ಖರೀದಿಯನ್ನು ನಿಲ್ಲಿಸಿತ್ತು. ಆಟ ಮುಚ್ಚುವಾಗ ತೋರಿಸಿದ ಈ ಸೌಜನ್ಯವನ್ನು ಆಟ ನಡೆಯುತ್ತಿರುವಾಗಲೂ ಎಲ್ಲ ಕಂಪನಿಗಳು ತೋರಿಸಬೇಕು. ವಿರಳ ವಸ್ತುಗಳು ಸಿಗುವ ಪ್ರಮಾಣವನ್ನು ಅವು ಬಹಿರಂಗಪಡಿಸಲಿ, ಬೆಲೆಯ ಮಿತಿ ಬದಲಿಸುವ ಮೊದಲು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಕೊಡಲಿ. ತಮ್ಮ ವಾಣಿಜ್ಯ ಪುಟದಲ್ಲಿ ಈ ವಿಷಯಕ್ಕೆ ಒಮ್ಮೆ ಜಾಗ ಸಿಕ್ಕರೆ ಸಂತೋಷ.

ಇತಿ,
ತಮ್ಮ ಓದುಗ